ಖಾಲಿ ಗಾಡಿಯ ತೂಕ

ಕಾರಟಗಿಯ ಅಕ್ಕಿ ಮಿಲ್ಲಿನ ಕಾಟಾದಲ್ಲಿ
ಹಗಲೆಲ್ಲ ಲಾರಿ ತೂಗುವವನು ನಾನು.
ತುಂಬಿದ ಗಾಡಿ, ಖಾಲಿ ಗಾಡಿ, ಕಳೆದು ಉಳಿದದ್ದು ನೆಲ್ಲು.
ಡ್ರೈವರು ಕ್ಯಾಬಿನ್ನಿನಲ್ಲೇ ಕೂತಿದ್ದರೆ
ಕಿಟಕಿಯಿಂದ ತಲೆ ಹಾಕಿ ಕೂಗುತ್ತೇನೆ:
ಇಳೀರಿ, ಇಳೀರಿ,
ನಿಮ್ಮನ್ನೂ ನೆಲ್ಲಂತ ಬರಕೋಬೇಕೇನು?

ಈ ಕಾಟಾಕ್ಕೆ ಹತ್ತು ಕಿಲೋದ ಒಳಗಿನದು ಕಾಣುವುದಿಲ್ಲ.
ಅದಕ್ಕೇ ನನ್ನ ಹೊಸ ಹುಚ್ಚನ್ನು ಪೊಟ್ಟಣ ಕಟ್ಟಿಕೊಂಡು
ಕಾಳಪ್ಪ ಪತ್ತಾರನ ಅಂಗಡಿಗೆ ಹೋದೆ.
ಗಾಜಿನ ಗೂಡಿನೊಳಗೆ ಅವನ ತಕ್ಕಡಿ,
ಉಸಿರು ಬಿಟ್ಟರೂ ಅಂಕಿ ಅಲುಗುತ್ತದೆ.

ಟೇಲರ್ ಮೌಲಾಸಾಬ ಬೈಯುತ್ತಲೇ ಹೊಲಿದುಕೊಟ್ಟ
ಪ್ಯಾರಾಚೂಟ್ ಅರಿವೆಯ ತೂಗುಹಾಸಿಗೆ,
ಬಿಚ್ಚಿದರೆ ಹತ್ತಡಿ, ಮಡಿಸಿದರೆ ಒಂದು ಮಾವಿನಕಾಯಿ:
ಇನ್ನೂರ ಹದಿನಾಲ್ಕು ಗ್ರಾಂ.
ಮರಕ್ಕೆ ಸುತ್ತುವ ಪಟ್ಟಿಗಳು ಎಂಬತ್ತು ಮುಟ್ಟಲಿಲ್ಲ.
ಉಕ್ಕಿನ ಕೊಂಡಿ ಇಟ್ಟಾಗ ಮಾತ್ರ ತಕ್ಕಡಿ ಹೌಹಾರಿತು;
ತೆಗೆದೆ. ಹೆಬ್ಬೆರಳು ದಪ್ಪದ ಬೇವಿನ ಗೂಟ ಕೆತ್ತಿಕೊಂಡರಾಯಿತು.
ಸೊಳ್ಳೆಪರದೆ ಇರಲಿ, ಗದ್ದೆ ಸೀಮೆಯವನಿಗೆ ಅದರ ಲೆಕ್ಕ ಬೇಡ.
ತಾಡಪಾಲು ಬೇಡ, ಮಾಘದಲ್ಲಿ ಮಳೆ ಎಲ್ಲಿಯದು?
ಕೌದಿ ಆ ತಕ್ಕಡಿಗೇ ಹತ್ತಲಿಲ್ಲ,
ಅವ್ವ ಹೊಲಿದದ್ದು, ಐದು ಹಳೇ ಸೀರೆ ಒಂದರೊಳಗೊಂದು.
ಬಿಟ್ಟೆ.

ಪತ್ತಾರ ಕನ್ನಡಕ ಹಣೆಗೇರಿಸಿ ನನ್ನ ನಡುವನ್ನೇ ನೋಡಿದ:
‘ಹತ್ತು ಗ್ರಾಂಗೆ ಕೊಂಡಿ ಬಿಡ್ತಿ, ದೊಡ್ಡಬಸ್ಸ,
ಈ ಹೊಟ್ಟಿ ಎಲ್ಲಿ ಬಿಟ್ಟು ಹೋಗ್ತಿ?’

ಶನಿವಾರ ಮಧ್ಯಾಹ್ನ ಬೈಕು ಬಿಟ್ಟೆ.
ಕಾಲುವೆ ಪಕ್ಕ ನಾಟಿ ನಡೆದಿತ್ತು,
ಎರಡು ಜಾಲಿಗಳ ನಡುವೆ ಒಂದು ಸೀರೆಯ ಜೋಲಿ,
ಅದರಿಂದ ಹೊರಬಿದ್ದ ಒಂದು ಪುಟ್ಟ ಕಾಲು.
ನಿಲ್ಲಿಸಿ ಗಂಟು ನೋಡಿದೆ. ತಡೆಯದೆ ಕೇಳಿಯೂ ಬಿಟ್ಟೆ,
ಇದೆಷ್ಟು ತೂಕ ಇದ್ದೀತು?
ಕೆಸರುಗೈಯಲ್ಲೇ ಹಣೆ ಒರೆಸಿಕೊಂಡಳು ದುರುಗವ್ವ:
‘ಸೀರಿದು ಕೇಳ್ತೀರೋ, ಕೂಸಿಂದು ಕೇಳ್ತೀರೋ?’
ಆಮೇಲೆ ನನ್ನ ಪೊಟ್ಟಣದ ಸಂಗತಿ ತಿಳಿದು ನಕ್ಕಳು,
ಸಾಲಿನ ಹೆಂಗಸರಿಗೆಲ್ಲ ಹೇಳಿ ನಗಿಸಿದಳು.
ಹೊರಡುವಾಗ ಮಾತ್ರ ಕೂಗಿ ಹೇಳಿದಳು:
‘ಬಿಗದು ಕಟ್ಟಬ್ಯಾಡ್ರಿ. ಜೋತು ಬಿಡ್ರಿ.’

ಅದು ಲೆಕ್ಕಕ್ಕೂ ಸರಿ. ಹಗ್ಗ ಇಳಿಜಾರಾಗಿದ್ದರೆ
ಒಂದೊಂದು ಕೊನೆಗೆ ನನ್ನಷ್ಟೇ ತೂಕ,
ವೀಣೆಯ ತಂತಿಯಂತೆ ಎಳೆದು ಕಟ್ಟಿದರೆ
ನನ್ನಂಥವರು ನಾಲ್ವರು.
ಯಾರು ಸೇರಿಸುತ್ತಾರೋ ಆ ಮೂವರನ್ನು, ಕಾಣದಂತೆ.

ಸಾಣಾಪುರದ ಆಚೆ ಗುಡ್ಡ ಹತ್ತಿದರೆ
ಬಂಡೆಯ ಮೇಲೆ ಬಂಡೆ, ಬಂಡೆಯ ಮೇಲೆ ಬಂಡೆ.
ಮರ ಒಂದೇ.
ಕಾರಟಗಿಯಲ್ಲಿ ಎಲ್ಲ ತೂಗಿದ್ದೆ,
ಎರಡನೆಯ ಮರವನ್ನು ಲೆಕ್ಕ ಹಿಡಿದಿರಲಿಲ್ಲ.
ಒಂದು ಕೊನೆ ಬೇವಿಗೆ. ಇನ್ನೊಂದನ್ನು
ಆನೆ ಕೂತಂಥ ಕಲ್ಲಿಗೆ ಸುತ್ತಿ ಎಳೆದು ನೋಡಿದರೆ
ಕಲ್ಲಿನ ಏಣು ಪಟ್ಟಿಯ ನೂಲನ್ನು ಆಗಲೇ ಕಚ್ಚುತ್ತಿತ್ತು.

ಬೈಕಿನ ಸೀಟಿನ ಮೇಲೆ ಒಂದು ಗೋಣಿಚೀಲವಿತ್ತು,
ಬಿಸಿಲಿಗೆ ಸುಡಬಾರದೆಂದು ಹಾಸಿದ್ದು,
ಮಿಲ್ಲಿನದು, ಹಳೆಯದು, ತೌಡು ವಾಸನೆಯದು.
ಇಳಿದು ಹೋಗಿ ತಂದು ಏಣಿನ ಕೆಳಗೆ ನಾಲ್ಕು ಮಡಿಕೆ ಕೊಟ್ಟೆ.
ನಾನು ತಂದದ್ದೆಲ್ಲ ಸೇರಿದರೂ
ಅದರ ತೂಕಕ್ಕೆ ಬರುತ್ತಿರಲಿಲ್ಲವೇನೋ.

ಮೂಲೆಯಿಂದ ಮೂಲೆಗೆ ಅಡ್ಡಡ್ಡ ಮಲಗಬೇಕು,
ಆಗ ಬೆನ್ನು ನೆಟ್ಟಗಾಗುತ್ತದೆ. ಆಯಿತು.
ಬೆಳಗಿನ ಜಾವ ನಾಲ್ಕಕ್ಕೆ ಅರಿವೆಯ ಕೆಳಗಿಂದ
ತಣ್ಣನೆ ಗಾಳಿ ಬೆನ್ನೆಲುಬು ಎಣಿಸತೊಡಗಿತು,
ಅವ್ವನ ಐದೂ ಸೀರೆಗಳ ಬಣ್ಣ ನೆನಪಾದವು.

ಎಲ್ಲೋ ಗಂಗಾವತಿ ರಸ್ತೆಯಲ್ಲಿ ಲೋಡು ಲಾರಿಯೊಂದು
ಗೇರು ಬದಲಿಸಿ ಏರು ಹತ್ತಿತು.
ಬೇವು ಒಮ್ಮೆ ಕಿರ್ರೆಂದಿತು. ಕಲ್ಲು ಸುಮ್ಮನಿತ್ತು.
ಬೆಳಕು ಹರಿಯುವವರೆಗೆ ತೂಗುತ್ತಲೇ ಇದ್ದೆ,
ಯಾರೂ ಇಳೀರಿ ಅನ್ನಲಿಲ್ಲ.